ಚಳಿಗಾಲದ ನಡುವೆ ನಾಲ್ಕು ದಿನ ಬಿಸಿಲು ಕಾದರೂ ಚಿಗುರದ ಹಿತ್ತಲಿನ ಸೇಬಿನ ಮರ, ವಸಂತಕ್ಕೇ ಸರಿಯಾಗಿ ಚಿಗುರುವುದು ಹೇಗೆ?

ಮರಕ್ಕೆ ಬೆಚ್ಚನೆಯ ದಿನಗಳಷ್ಟೇ ಸಾಲವು; ಅದಕ್ಕೂ ಮೊದಲು ಅದು ಸಾಕಷ್ಟು ಚಳಿಯನ್ನು ಉಂಡಿರಬೇಕು. ಶರತ್ಕಾಲದ ಕೊನೆಯಲ್ಲಿ ಚಳಿ ಹೆಚ್ಚುತ್ತಿದ್ದಂತೆ ಮೊಗ್ಗುಗಳು ಸುಪ್ತಾವಸ್ಥೆಗೆ, ಅಂದರೆ ಬೆಳವಣಿಗೆಯನ್ನು ಒಳಗಿನಿಂದಲೇ ತಡೆಹಿಡಿದ ಸ್ಥಿತಿಗೆ ಹೋಗುವುದರಿಂದ, ಆಗ ಬಿಸಿಲು ಬಂದರೂ ಅವು ಒಡೆಯುವುದಿಲ್ಲ. ಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಳೆದ ಗಂಟೆಗಳು ಒಂದಕ್ಕೊಂದು ಕೂಡುತ್ತ ಹೋದಂತೆ ಈ ತಡೆ ಸಡಿಲಗೊಳ್ಳುತ್ತದೆ. ಸೇಬಿನ ಅನೇಕ ತಳಿಗಳಿಗೆ ಇಂಥ 800ರಿಂದ 1,000 ಗಂಟೆಗಳು ಬೇಕಾಗುತ್ತವೆ. ಅದು ಪೂರೈಸಿದ ಮೇಲೆ ಬರುವ ಬೆಚ್ಚನೆಯ ದಿನಗಳೇ ಮೊಗ್ಗನ್ನು ಎಬ್ಬಿಸುವುದು.

ವಸಂತವನ್ನು ಎದುರುಗೊಳ್ಳಬೇಕೆನ್ನುವವರು ರೆಂಬೆಯ ತುದಿಯನ್ನು ಹತ್ತಿರದಿಂದ ನೋಡಬೇಕು, ಅಷ್ಟು ಸೊಗಸಾದ ನೋಟ ಅದು: ಬಿಗಿದುಕೊಂಡಿದ್ದ ಕಂದು ಪೊರೆಗಳು ಬಿರಿದು ಮೊದಲು ಬೆಳ್ಳಿಬಣ್ಣದ ನವಿರು ಇಣುಕುತ್ತದೆ, ಬಳಿಕ ಹಸಿರು ತುದಿ, ಅನಂತರ ಇಲಿಯ ಕಿವಿಯಷ್ಟು ಪುಟ್ಟ ಎಲೆಗಳು.

ಎಚ್ಚೆತ್ತ ಮೊಗ್ಗು ಮಾತ್ರ ಚಳಿಯನ್ನು ತಾಳುವ ಶಕ್ತಿಯನ್ನು ದಿನೇ ದಿನೇ ಕಳೆದುಕೊಳ್ಳುತ್ತದೆ. ಪೂರ್ತಿ ಅರಳಿದ ಹೂವಿಗೆ ಮೈನಸ್ 2 ಡಿಗ್ರಿಯ ಚಳಿಯೂ ಹಾನಿ ಮಾಡುವುದರಿಂದ, ಹೂ ಬಿಟ್ಟ ಮೇಲೆ ತಾಪಮಾನ ಸೊನ್ನೆಗಿಂತ ಕೆಳಗಿಳಿಯುವ ಮುನ್ಸೂಚನೆಯಿದ್ದರೆ ಚಿಕ್ಕ ಮರಗಳಿಗೆ ರಾತ್ರಿ ಬಟ್ಟೆ ಹೊದಿಸುವುದು ಒಳ್ಳೆಯದು.