ಗೆದ್ದದ್ದು ಅಂಗಡಿಯ ಬೊಂಬೆ

ಟೀಚರ್, ನಮಸ್ಕಾರ.

ಕುಂಜಿಬೆಟ್ಟಿನಿಂದ ನೀವು ಬರೆದ ಪತ್ರ ಉದ್ದ ಇದೆ. ಉಳಿದ ಓದುಗರಿಗಾಗಿ ಮುಖ್ಯ ಮಾತುಗಳನ್ನಷ್ಟೇ ಇಲ್ಲಿ ಕೊಡುತ್ತೇನೆ. ಮಂಗಳೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಹಳೆ ಬಟ್ಟೆ ಹಾಕಿಕೊಂಡು ಅಣಕು ಫ್ಯಾಷನ್ ಶೋ ಮಾಡಿದ್ದರು. ಅದರ ಫೋಟೋಗಳನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ನಿಮಗೆ ಅದು ಹಿಡಿಸಲಿಲ್ಲ. "ಅಕ್ಕನ ಲಂಗ ನನಗೆ, ನನ್ನದು ತಂಗಿಗೆ. ಸ್ಕೂಲ್ ಡೇ ದಿನ ಆ ಲಂಗದಲ್ಲಿ ಸ್ಟೇಜ್ ಹತ್ತಲು ನಾಚಿಕೆಯಾಗಿತ್ತು. ಈ ಮಕ್ಕಳಿಗೆ ಅದು ತಮಾಷೆ" ಎಂದು ಬರೆದಿದ್ದೀರಿ. "ಚೆಂದ ಇರುವುದನ್ನು ಚೆಂದ ಅಂದರೆ ತಪ್ಪಾ? 1994ರಲ್ಲಿ ಐಶ್ವರ್ಯಾ ರೈ ವಿಶ್ವಸುಂದರಿ ಆದಾಗ ನಮ್ಮೂರ ಹುಡುಗಿ ಎಂದು ಕುಣಿದದ್ದು ನಾವೇ ಅಲ್ವಾ?" ಎಂದೂ ಕೇಳಿದ್ದೀರಿ.

ಈ ಎರಡನೆಯದಕ್ಕೆ ಉತ್ತರ ಸುಲಭ. ತಪ್ಪಿಲ್ಲ. ಐಶ್ವರ್ಯಾ ಮಂಗಳೂರಲ್ಲಿ ಹುಟ್ಟಿದವರು, ಚೆಂದವೂ ಇದ್ದಾರೆ. ಆ ಮಕ್ಕಳಿಗೂ ಇದರಲ್ಲಿ ತಕರಾರಿಲ್ಲ. ಅವರ ತಕರಾರು ಇರುವುದು ಅಳತೆ ಟೇಪಿನ ಮೇಲೆ.

ಶೋ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು, ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ. ಬೆಂಚುಗಳನ್ನು ಸಾಲಾಗಿ ಜೋಡಿಸಿದ್ದೇ ರ‍್ಯಾಂಪ್. ಷರತ್ತು ಎರಡೇ. ಬಟ್ಟೆ ಬೇರೆಯವರದ್ದಾಗಿರಬೇಕು, ಆಲ್ಟರ್ ಮಾಡಿಸಬಾರದು. ಒಬ್ಬ ತನ್ನ ಅಣ್ಣ ದುಬೈಯಿಂದ ತಂದಿಟ್ಟ ಸೂಟು ಏರಿಸಿಕೊಂಡು ಬಂದ. ಒಬ್ಬಳು ಚಿಕ್ಕಮ್ಮನ ಮದುವೆಯ ರವಿಕೆಗೆ ತೋಳು ತೂರಿಸಲು ಹೋಗಿ, ಅದು ಮೊಣಕೈಯಲ್ಲೇ ಸಿಕ್ಕಿಕೊಂಡು, ಹಾಗೆಯೇ ಗಂಭೀರವಾಗಿ ನಡೆದಳು. ಮೈಕ್ ಹಿಡಿದವನು, "ಈ ರವಿಕೆಗೆ ಸರಿಹೊಂದುವ ತೋಳು ಇವರ ಬಳಿ ಇಲ್ಲ. ತೋಳನ್ನು ರಿಪೇರಿಗೆ ಕಳಿಸಲಾಗುವುದು" ಎಂದ. ಪ್ರಶ್ನೋತ್ತರದ ಸುತ್ತೂ ಇತ್ತು. ಗೆದ್ದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಸೂಟಿನ ಹುಡುಗ, "ಉಸಿರು ಬಿಡ್ತೇನೆ" ಎಂದ. ತೀರ್ಪುಗಾರರು ಸ್ಪರ್ಧಿಗಳ ಜೊತೆ ಮೈಕ್ ಸ್ಟ್ಯಾಂಡನ್ನೂ ಕುರ್ಚಿಯನ್ನೂ ಅಳೆದರು. ಕೊನೆಗೆ ಕಿರೀಟ ಹೋದದ್ದು ಬಟ್ಟೆ ಅಂಗಡಿಯಿಂದ ಕೇಳಿ ತಂದಿದ್ದ ಬೊಂಬೆಗೆ. ಊಟ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ ಎಂಬ ಕಾರಣ ಕೊಟ್ಟರು.

ಇಂಥ ಕಿರೀಟಧಾರಣೆ ಹಿಂದೆಯೂ ನಡೆದಿದೆ. 1968ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕ ಸ್ಪರ್ಧೆಯ ಹೊರಗೆ ಪ್ರತಿಭಟನೆಗೆ ಬಂದ ಹೆಂಗಸರು ಒಂದು ಕುರಿಗೆ ಕಿರೀಟ ತೊಡಿಸಿದ್ದರು. ಬಿಗಿಯಾದ ಒಳಉಡುಪು, ಸುಳ್ಳು ರೆಪ್ಪೆಗೂದಲು ಎಲ್ಲ ಒಂದು ಕಸದ ಡಬ್ಬಕ್ಕೆ ಹಾಕಿದರು. ಬೆಂಕಿ ಹಚ್ಚಿದರು ಎಂಬ ಕತೆ ಈಗಲೂ ಓಡಾಡುತ್ತಿದೆ, ಸಂಘಟಕರು ಅದನ್ನು ಅಲ್ಲಗಳೆದಿದ್ದಾರೆ. ನಮ್ಮಲ್ಲಿ 1996ರಲ್ಲಿ ಬೆಂಗಳೂರಿನ ವಿಶ್ವಸುಂದರಿ ಸ್ಪರ್ಧೆಗೆ ಎಷ್ಟು ಗಲಾಟೆಯಾಯಿತೆಂದರೆ ಈಜುಡುಗೆಯ ಸುತ್ತನ್ನು ಸೇಷೆಲ್ಸ್ ದ್ವೀಪಕ್ಕೇ ಸಾಗಿಸಬೇಕಾಯಿತು.

ಆದರೆ ಟೇಪಿನ ವಿಷಯಕ್ಕೆ ಇದಕ್ಕಿಂತ ಒಳ್ಳೆ ಕತೆ ನಾರ್ಮಾಳದ್ದು. ಎರಡನೇ ಮಹಾಯುದ್ಧದ ಆರಂಭದ ಹೊತ್ತಿಗೆ ಅಮೆರಿಕ ಸರ್ಕಾರ ಸುಮಾರು 15,000 ಹೆಂಗಸರ ಮೈ ಅಳತೆ ತೆಗೆಸಿತು. ರೆಡಿಮೇಡ್ ಬಟ್ಟೆಗೆ ಸೈಜ್ ಬೇಕಿತ್ತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯರನ್ನು ಮಾತ್ರ. ಆ ಅಳತೆಗಳ ಸರಾಸರಿ ತೆಗೆದು ರಾಬರ್ಟ್ ಡಿಕಿನ್ಸನ್ ಎಂಬ ವೈದ್ಯ, ಏಬ್ರಮ್ ಬೆಲ್ಸ್ಕಿ ಎಂಬ ಶಿಲ್ಪಿ ಸೇರಿ ಒಂದು ಹೆಣ್ಣಿನ ಮೂರ್ತಿ ಮಾಡಿದರು. ಹೆಸರು ನಾರ್ಮಾ. 1945ರಲ್ಲಿ ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದು, ನಾರ್ಮಾಳ ಹಾಗೇ ಇರುವ ಹೆಂಗಸಿಗೆ ಬಹುಮಾನ ಎಂದು ಸಾರಿತು. 3,864 ಮಂದಿ ಅಳತೆ ಕಳಿಸಿದರು. ಒಟ್ಟು ಒಂಬತ್ತು ಅಳತೆ. ಒಂಬತ್ತೂ ಹೊಂದಿದವರು ಒಬ್ಬರೂ ಸಿಗಲಿಲ್ಲ. ಐದು ಹೊಂದಿದವರೇ 40ಕ್ಕಿಂತ ಕಡಿಮೆ. ಬಹುಮಾನ ಘೋಷಿಸಿಬಿಟ್ಟಿದ್ದರಲ್ಲ, ಇದ್ದುದರಲ್ಲಿ ಹತ್ತಿರ ಬಂದವರಿಗೆ ಕೊಟ್ಟು ಮುಗಿಸಿದರು. ಪತ್ರಿಕೆಯವರ ಫಜೀತಿ ನನಗೆ ಅರ್ಥವಾಗುತ್ತದೆ.

ನಮ್ಮ ದೇಶದವರದೇ ಮೈಗೆ ತಕ್ಕ ಸೈಜ್ ಪಟ್ಟಿ ಬೇಕೆಂದು ಸರ್ಕಾರ ಮತ್ತು ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ಯೋಜನೆ ಪ್ರಕಟಿಸಿದ್ದೇ 2018ರಲ್ಲಿ. ಆರು ನಗರಗಳಲ್ಲಿ 25,000 ಜನರನ್ನು ಅಳೆಯುವ ಯೋಜನೆ ಅದು. ಅಲ್ಲಿಯವರೆಗೆ ಹೊರದೇಶದ ಪಟ್ಟಿಗಳನ್ನೇ ಆಚೀಚೆ ಮಾಡಿಕೊಂಡು ಹೊಲಿಯುತ್ತಿದ್ದರು. ಹಂಪನಕಟ್ಟೆಯ ಯಾವುದೋ ಟ್ರಯಲ್ ರೂಮಿನಲ್ಲಿ ಪ್ಯಾಂಟು ಮೇಲೆ ಹತ್ತದಿದ್ದರೆ ನಾವು ಪ್ಯಾಂಟಿಗೆ ಬೈಯುತ್ತೇವಾ? ಸೊಂಟಕ್ಕೆ ಬೈಯುತ್ತೇವೆ.

ಹಳೆ ಬಟ್ಟೆ ಈ ಅಣಕಕ್ಕೆ ಸರಿಯಾದ ಸಾಮಾನು ಅಂತ ನನಗನಿಸಿದ್ದು ಇಲ್ಲಿ. ಶೋ ಮುಗಿದ ಮೇಲೆ ಆ ಚಿಕ್ಕಮ್ಮನ ರವಿಕೆಯನ್ನು ಒಳಮೈ ತಿರುಗಿಸಿ ನೋಡಿದೆವು. ಪಕ್ಕದಲ್ಲಿ ಮೂರು ಸಾಲು ಹೊಲಿಗೆಯ ಗುರುತು. ಮದುವೆಗೆ ಒಂದು, ಮೊದಲ ಹೆರಿಗೆ ಆದ ಮೇಲೆ ಒಂದು, ಎರಡನೆಯದರ ಮೇಲೆ ಇನ್ನೊಂದು. ಹೊಲಿದ ಟೈಲರ್ ಇದೆಲ್ಲ ಆಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಒಳಗೆ ಬಟ್ಟೆ ಜಾಸ್ತಿ ಬಿಟ್ಟಿದ್ದಾರೆ. ಮೈ ದಪ್ಪ ಆಗುವುದು ಆ ಟೈಲರಿಗೆ ಮಾಮೂಲಿ ಸಂಗತಿ. ರೆಡಿಮೇಡ್ ಅಂಗಿಯಲ್ಲಿ ಬಿಡಿಸಲು ಒಳಗೇನೂ ಇರುವುದಿಲ್ಲ, ನಾವೇ ಸಣ್ಣ ಆಗಬೇಕು.

ಈಗ ನಿಮ್ಮ ಮೊದಲ ಮಾತು. ಅದು ಸುಲಭದ್ದಲ್ಲ. ಆ ಶೋದಲ್ಲಿ ಒಬ್ಬ ಹುಡುಗ ಹರಿದ ಬನಿಯನ್ ಹಾಕಿ, ಗೋಣಿ ಹೊತ್ತು, ಗುಜರಿ ಹೆಕ್ಕುವವನಾಗಿ ಬಂದ. ಜನ ಜೋರಾಗಿ ನಕ್ಕರು. ಆ ಫೋಟೋ ನಾವು ಹಾಕಲಿಲ್ಲ. ಅಲ್ಲಿ ನಗೆ ರ‍್ಯಾಂಪಿನ ಮೇಲೆ ಬೀಳಲಿಲ್ಲ, ಗೋಣಿ ಹೊರುವವರ ಮೇಲೆ ಬಿತ್ತು. 2000ದ ಜನವರಿಯಲ್ಲಿ ಡಿಯೋರ್ ಎಂಬ ಫ್ಯಾಷನ್ ಕಂಪನಿಗಾಗಿ ವಿನ್ಯಾಸಕ ಜಾನ್ ಗ್ಯಾಲಿಯಾನೊ ಪ್ಯಾರಿಸ್ಸಿನ ಬೀದಿಯಲ್ಲಿ ಮಲಗುವವರ ಚಿಂದಿಯನ್ನು ದುಬಾರಿ ಉಡುಪು ಮಾಡಿ ಮೆರೆಸಿ ಬೈಸಿಕೊಂಡದ್ದು ಇದೇ ಕಾರಣಕ್ಕೆ. ಬಾಲೆನ್ಸಿಯಾಗ ಎಂಬ ಇನ್ನೊಂದು ಫ್ಯಾಷನ್ ಕಂಪನಿ 2022ರಲ್ಲಿ ಪೂರ್ತಿ ಹರಿದ ಶೂಗಳನ್ನು ಜೋಡಿಗೆ 1,850 ಡಾಲರಿನಂತೆ ಮಾರಿತು. ಅದನ್ನು ಅಣಕಿಸಲು ನಮ್ಮಿಂದ ಆಗುವುದಿಲ್ಲ, ಅದೇ ಅಣಕ.

ನಾವೂ ಸಾಚಾ ಏನಲ್ಲ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ, ನವರಾತ್ರಿಗೆ ಹಳೆ ಸೀರೆ ಸುತ್ತಿಕೊಂಡು ಬರುವ ಗಂಡಸರನ್ನು, ಮರುಳನ ವೇಷದವರನ್ನು ನೋಡಿ ನೀವೂ ನಾನೂ ನಕ್ಕಿದ್ದೇವೆ. ಅದು ಸರಿ. ಆದರೆ ಇದೇ ಬೀದಿಗಳಲ್ಲಿ ನಮ್ಮ ಕರಾವಳಿಯ ಬುಡಕಟ್ಟಿನವರಾದ ಕೊರಗರ ವೇಷ ಹಾಕಿ ನಗಿಸುವುದೂ ನಡೆಯುತ್ತಿತ್ತು. ಆ ಸಮುದಾಯದವರು ವಿರೋಧಿಸಿದ ಮೇಲೆ ನಮಗೆ ಬುದ್ಧಿ ಬಂತು. ಕೊರಗರನ್ನು ಮನುಷ್ಯರೇ ಅಲ್ಲವೆಂಬಂತೆ ಕಾಣುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು.

ಹಾಗಾಗಿ ಆ ಗೋಣಿಯ ಹುಡುಗನ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ರವಿಕೆಯ ಹುಡುಗಿಯ ಬಗ್ಗೆ ಒಪ್ಪುವುದಿಲ್ಲ. ಅವಳು ನಿಮ್ಮ ಲಂಗಕ್ಕೆ ನಗಲಿಲ್ಲ ಟೀಚರ್. ಆ ದಿನ ಸ್ಟೇಜಿನ ಕೆಳಗೆ ಕೂತು ನಿಮಗೆ ನಾಚಿಕೆ ಹುಟ್ಟಿಸಿದರಲ್ಲ, ಅವರಿಗೆ ನಕ್ಕಳು.

ಇಂಥದ್ದು ಮುಂದೆ ಹಾಕಬೇಡಿ ಎಂದಿದ್ದೀರಿ. ಹಾಕುತ್ತೇವೆ. ನಿಮ್ಮ ಬೈಗುಳವನ್ನೂ ಹಾಕುತ್ತೇವೆ.

ಕೊನೆಗೆ, ಆ ಬಟ್ಟೆಗಳೆಲ್ಲ ಏನಾದವು ಎಂದು ಕೇಳಿದ್ದೀರಿ. ಒಗೆದು, ಇಸ್ತ್ರಿ ಹಾಕಿ ವಾಪಸ್ ಕೊಟ್ಟರಂತೆ. ಸೂಟು ಮಾತ್ರ ಬಾಕಿ. ಅದರ ಜಿಪ್ಪು ಹೋಗಿದೆ, ಬೆನ್ನಿನ ಹೊಲಿಗೆಯೂ ಬಿಟ್ಟಿದೆ. ಅಣ್ಣ ರಜೆಗೆ ಬರುವುದು ಮೇ ತಿಂಗಳಲ್ಲಿ. ಅವರಿಗಿನ್ನೂ ಹೇಳಿಲ್ಲವಂತೆ. ನಮ್ಮ ಪತ್ರಿಕೆ ದುಬೈಗೆ ಹೋಗುವುದಿಲ್ಲ ಎಂಬ ಧೈರ್ಯದಲ್ಲಿ ಇಲ್ಲಿ ಬರೆದಿದ್ದೇನೆ.

– ಸಂ.