ಅವ್ವನ ರಕ್ಷಣೆ, ಮಗನ ಬಿಡುಗಡೆ

ತಾಯಿ, ಮಗ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬಾಗಲಕೋಟೆ ಜಿಲ್ಲೆ, ಗುಳೇದಗುಡ್ಡದ ಕಡೆಯವರು ಎಂದಷ್ಟೇ ಇರಲಿ. ಅಲ್ಲಿಗೆ 19ನೇ ಶತಮಾನದಲ್ಲೇ ಬಾಸೆಲ್ ಮಿಷನ್‌ನವರು ಬಂದಿದ್ದರು. ಈ ಮನೆಯವರೂ ಮೂರ್ನಾಲ್ಕು ತಲೆಮಾರಿನಿಂದ ಕ್ರೈಸ್ತರು. ಅಪ್ಪ ಖಣದ ಮಗ್ಗದ ಮೇಲೆ ಕೂಲಿ ಮಾಡುತ್ತಿದ್ದರು. ಆರು ವರ್ಷದ ಹಿಂದೆ ತೀರಿಕೊಂಡರು.

ಆಪ್ತಸಲಹೆಗಾರಳಾದ ನನ್ನ ಹತ್ತಿರ ಅವ್ವ ಬಂದಿದ್ದು ನಿದ್ದೆ ಬರಲ್ಲ ಅಂತ. ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಅದಕ್ಕೆ ಮಾತ್ರೆ ಶುರುವಾಯಿತು. ನಿದ್ದೆ ಮಾತ್ರ ಬರಲಿಲ್ಲ. ಎರಡನೇ ಸಲ ಬಂದಾಗ ಬಾಯಿಬಿಟ್ಟರು.

"ರಾತ್ರಿ ಎರಡಕ್ಕ ಎಚ್ಚರ ಆಗತೈತ್ರಿ ಮೇಡಂ. ಮಗ್ಗಲ ಖೋಲ್ಯಾಗ ಅವನ ಗೊರಕಿ ಕೇಳಸತೈತಿ. ಇವಾ ಹಿಂಗ ಸತ್ರ ಎಲ್ಲಿ ಹೊಕ್ಕಾನು ಅಂತ ಎದಿ ಧಸ್ ಅಂತೈತ್ರಿ."

ಮಗನಿಗೆ ಇಪ್ಪತ್ತೇಳು. ಕಾಲೇಜಿನಲ್ಲಿ ಅಂಬೇಡ್ಕರ್ ಓದಿದವನು. ಹಿಂದಿನ ಅಕ್ಟೋಬರ್ 14ಕ್ಕೆ ಗೆಳೆಯರ ಜೊತೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತಗೊಂಡು ಬಂದ. ಏಕಾಏಕಿ ಮಾಡಿದ್ದಲ್ಲ ಅನ್ನುತ್ತಾನೆ. "ಬಾಬಾಸಾಹೇಬರು 1935ರಾಗ ಯೇವಲಾದಾಗ ಹಿಂದೂ ಆಗಿ ಸಾಯಂಗಿಲ್ಲ ಅಂತ ಹೇಳಿದ್ರು, 1956ಕ್ಕ ದೀಕ್ಷಾ ತಗೊಂಡ್ರು. 21 ವರ್ಷ ವಿಚಾರ ಮಾಡಿದ್ರು. ನಾನೂ ಏಳು ವರ್ಷ ಮಾಡೇನ್ರಿ." ಅವನ ನೋವು ಬೇರೆ ಇತ್ತು. ಚರ್ಚಿಗೆ ಸೇರಿ ಇಷ್ಟು ವರ್ಷವಾದರೂ ಊರಿನವರು ಅವರನ್ನು ಹಳೇ ಕೇರಿಯ ಹೆಸರಿಂದಲೇ ಗುರುತಿಸುತ್ತಾರೆ. ಸತ್ತ ಮೇಲಿನ ರಕ್ಷಣೆ ಅವನಿಗೆ ಸಾಕಾಗಲಿಲ್ಲ. ಇಲ್ಲಿ, ಈಗ, ತಲೆ ಎತ್ತಿ ನಡೆಯಬೇಕಿತ್ತು.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ ಮೊದಲ ದಿನ ನಾನೊಂದು ತಪ್ಪು ಮಾಡಿದೆ. "ಕೊನೆಗೆ ಎಲ್ಲಾ ಒಂದೇ ಅಲ್ವಾ?" ಅಂದುಬಿಟ್ಟೆ. ಇಬ್ಬರ ಮುಖವೂ ಒಟ್ಟಿಗೇ ಬಾಡಿತು. ಒಬ್ಬರು ಬದುಕಿಡೀ ಹಿಡಿದುಕೊಂಡ ನಂಬಿಕೆ, ಇನ್ನೊಬ್ಬ ಏಳು ವರ್ಷ ತೂಗಿ ನೋಡಿ ಹಿಡಿದ ದಾರಿ. ಎರಡನ್ನೂ ಒಂದೇ ಮಾತಲ್ಲಿ ಒರೆಸಿಹಾಕಿದ ಹಾಗಾಯಿತು. ಮುಂದಿನ ಸಲ ಕ್ಷಮೆ ಕೇಳಿ, ವ್ಯತ್ಯಾಸದಿಂದಲೇ ಮಾತು ಶುರು ಮಾಡಿದೆ.

ಅವ್ವನ ನಂಬಿಕೆಯಲ್ಲಿ ಮನುಷ್ಯನ ಕಷ್ಟದ ಬೇರು ಪಾಪ. ಅಂದರೆ ದೇವರಿಂದ ದೂರವಾಗಿರುವುದು. ಆ ದೂರವನ್ನು ಮನುಷ್ಯ ತನ್ನ ಶಕ್ತಿಯಿಂದ ದಾಟಲಾರ. ಯೇಸು ಶಿಲುಬೆಯ ಮೇಲೆ ಅದನ್ನು ದಾಟಿಸಿದ. ರಕ್ಷಣೆ ಕೃಪೆಯಿಂದ ಬರುತ್ತದೆ, ದುಡಿದು ಗಳಿಸುವುದಲ್ಲ ಎಂದು ಅಪೊಸ್ತಲ ಪೌಲನು ಎಫೆಸ ಊರಿನ ಕ್ರೈಸ್ತರಿಗೆ ಬರೆದ. ಮಗನ ದಾರಿಯಲ್ಲಿ ಕಷ್ಟದ ಬೇರು ಆಸೆ ಮತ್ತು ತಿಳಿಯದಿರುವುದು. ಆ ದಾರಿಯ ಗುರಿ ನಿಬ್ಬಾಣ (ನಿರ್ವಾಣ), ಅಂದರೆ ಆರಿಹೋಗುವುದು. ಆಸೆ, ದ್ವೇಷ, ಮೋಹದ ಬೆಂಕಿ ಆರಬೇಕು. ಆರಿಸಿಕೊಳ್ಳಬೇಕಾದವರು ನಾವೇ, ಬುದ್ಧರು ದಾರಿ ತೋರಿಸುತ್ತಾರೆ ಅಷ್ಟೇ ಎಂದು ಬುದ್ಧನ ಮಾತುಗಳ ಸಂಗ್ರಹವಾದ ಧಮ್ಮಪದ ಹೇಳುತ್ತದೆ. ಅಂಬೇಡ್ಕರ್ ಕೂಡ ಬುದ್ಧನನ್ನು ಮೋಕ್ಷದಾತ ಅನ್ನಲಿಲ್ಲ, ಮಾರ್ಗದಾತ ಅಂದರು. ಒಬ್ಬರಿಗೆ ಕೈ ಹಿಡಿದು ಎತ್ತುವವನು ಬೇಕು. ಇನ್ನೊಬ್ಬನಿಗೆ ತನ್ನ ಕಾಲ ಮೇಲೆ ನಡೆಯುವುದೇ ಬಿಡುಗಡೆ.

ಇಷ್ಟು ಹೇಳಿದ್ದಕ್ಕೆ ಇಬ್ಬರೂ ತಲೆಯಾಡಿಸಿದರು. ಜಗಳ ಇದ್ದದ್ದು ಬೇರೆ ಕಡೆ.

ಬೌದ್ಧರು ಆತ್ಮವನ್ನು ಒಪ್ಪುವುದಿಲ್ಲ. ಅದನ್ನೇ ಹಿಡಿದು, ಅವ್ವನ ಭಯ ಹೋಗಲಿ ಅಂತ ಮಗ ಒಂದು ಮಾತು ಹೇಳಿದ್ದನಂತೆ. "ಆತ್ಮಾನ ಇಲ್ಲ ಅಂದಮ್ಯಾಲ ನರಕಕ್ಕ ಹೋಗಾವ್ರು ಯಾರವ್ವಾ?" ಅವನು ಸಮಾಧಾನಕ್ಕೆಂದೇ ಹೇಳಿದ್ದು. ಅವ್ವನಿಗೆ ಕೇಳಿಸಿದ್ದೇ ಬೇರೆ. ಆತ್ಮವೇ ಇಲ್ಲ ಅಂದರೆ ಗಂಡ ಎಲ್ಲೂ ಇಲ್ಲ. ಒಂದು ದಿನ ಸೇರುತ್ತೇವೆ ಅಂತ ಆರು ವರ್ಷ ಕಾದದ್ದು ಯಾರನ್ನ? ನಿದ್ದೆ ಹೋದದ್ದು ಆ ರಾತ್ರಿಯಿಂದ.

ಮಗನನ್ನು ಒಬ್ಬನೇ ಕರೆದು, ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದ ಒಂದು ಪ್ರಸಂಗ ಹೇಳಿದೆ. ವಚ್ಛಗೋತ್ತ ಎಂಬ ಸಂನ್ಯಾಸಿ ಬಂದು, ಆತ್ಮ ಇದೆಯೇ ಎಂದು ಬುದ್ಧನನ್ನು ಕೇಳುತ್ತಾನೆ. ಬುದ್ಧ ಸುಮ್ಮನಿರುತ್ತಾನೆ. ಹಾಗಾದರೆ ಇಲ್ಲವೇ ಎಂದರೂ ಸುಮ್ಮನೆ. ಅವನು ಎದ್ದು ಹೋದ ಮೇಲೆ ಶಿಷ್ಯ ಆನಂದ ಕಾರಣ ಕೇಳುತ್ತಾನೆ. ಇಲ್ಲ ಅಂದಿದ್ದರೆ ಅವನು ಇನ್ನಷ್ಟು ಗೊಂದಲಕ್ಕೆ ಬೀಳುತ್ತಿದ್ದ, ಮೊದಲು ಇದ್ದ ಆತ್ಮ ಈಗ ಇಲ್ಲದಾಯಿತೇ ಅಂತ ಕಂಗೆಡುತ್ತಿದ್ದ ಎಂದು ಬುದ್ಧ ಉತ್ತರಿಸುತ್ತಾನೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. "ನಾ ಅವ್ವಗ ಅದನ್ನ ಮಾಡಿದ್ನಲ್ರಿ" ಅಂದ. ಅವನ ನಂಬಿಕೆ ಬಿಡು ಅಂತ ನಾನು ಹೇಳಲಿಲ್ಲ. ಸತ್ಯ ಅಂತ ತಿಳಿದದ್ದನ್ನು ಯಾರಿಗೆ, ಯಾವಾಗ ಹೇಳಬೇಕು ಅನ್ನುವುದೂ ಅವನ ದಾರಿಯ ಒಂದು ಭಾಗವೇ ಅಂದೆ.

ಅವ್ವನ ಕಡೆಯಿಂದಲೂ ಒಂದು ಚುಚ್ಚು ಇತ್ತು. ಪ್ರಾರ್ಥನೆಯಲ್ಲಿ ಅವನಿಗೆ ಕೇಳುವ ಹಾಗೆ, ಬೈಬಲಿನ ಲೂಕನ ಸುವಾರ್ತೆ 15ನೇ ಅಧ್ಯಾಯದ ತಪ್ಪಿಹೋದ ಮಗನನ್ನು ತರುತ್ತಿದ್ದರು. ಆಸ್ತಿ ಹಾಳುಮಾಡಿ, ಹಂದಿ ಕಾಯ್ದು, ಕೊನೆಗೆ ತಂದೆಯ ಮನೆಗೆ ಮರಳಿದವನ ಕಥೆ ಅದು. "ನಾ ಏನ್ ಹಂದಿ ಕಾಯಾಕ ಹೋಗೇನೇನು?" ಅಂತ ಅವನು ರೇಗುತ್ತಿದ್ದ. ಹಾಗಾಗಿ ಬೌದ್ಧರಲ್ಲೂ ಒಬ್ಬ ತಪ್ಪಿಹೋದ ಮಗ ಇದ್ದಾನೆ ಎಂದೆ. ಸದ್ಧರ್ಮಪುಂಡರೀಕ ಸೂತ್ರದ ಕಥೆ. ಬೌದ್ಧರ ಮಹಾಯಾನ ಪಂಥದ್ದು, ಹುಡುಗನಿಗೂ ಹೊಸದು. ಬಹಳ ವರ್ಷ ಅಲೆದ ಮಗ ಗೊತ್ತಿಲ್ಲದೇ ತಂದೆಯ ಊರಿಗೇ ಬರುತ್ತಾನೆ. ತಂದೆ ಈಗ ದೊಡ್ಡ ಸಾಹುಕಾರ. ಆಳುಗಳನ್ನು ಕಳಿಸಿ ಕರೆಸಿದರೆ ಮಗ ಹೆದರಿ ಮೂರ್ಛೆ ಹೋಗುತ್ತಾನೆ. ಆಗ ತಂದೆ ಅವನಿಗೆ ಕಸ ಬಳಿಯುವ ಕೂಲಿ ಕೊಡಿಸುತ್ತಾನೆ. ತಾನೂ ಒಡವೆ ತೆಗೆದಿಟ್ಟು, ಕೊಳಕು ಬಟ್ಟೆ ಉಟ್ಟು ಮಗನ ಹತ್ತಿರ ಹೋಗುತ್ತಾನೆ. ಇಪ್ಪತ್ತು ವರ್ಷ ಹೀಗೇ ಹತ್ತಿರ ಮಾಡಿಕೊಂಡು, ಕೊನೆಗೆ ಇವನು ನನ್ನ ಮಗ ಅಂತ ಎಲ್ಲರೆದುರು ಹೇಳುತ್ತಾನೆ.

ಲೂಕನ ತಂದೆಯೋ ದೂರದಿಂದ ಕಂಡದ್ದೇ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗನ ಮಾತು ಮುಗಿಯುವ ಮೊದಲೇ ಅಂಗಿ, ಉಂಗುರ, ಕೆರ ತರಿಸುತ್ತಾನೆ. ಅಲ್ಲಿ ಒಂದು ಕ್ಷಣ, ಇಲ್ಲಿ ಇಪ್ಪತ್ತು ವರ್ಷ. ಕೃಪೆಗೂ ಸಾಧನೆಗೂ ಇರುವ ಅಂತರ ನನಗೆ ಇದಕ್ಕಿಂತ ಚೆನ್ನಾಗಿ ಎಲ್ಲೂ ಕಂಡಿಲ್ಲ. ಅವ್ವ ಮಾತ್ರ ಒಂದೇ ಕಡೆ ನಿಂತರು. "ಅಪ್ಪಾನ ಹೊಲಸ ಅರಿವಿ ಹಾಕ್ಕೊಂಡು ಬಂದ್ನ?" ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಯೇಸುಸ್ವಾಮಿನೂ ಹಂಗ ಬಂದಾನ್ರಿ." ಮಗ ವಾದ ಮಾಡಲಿಲ್ಲ. ಮಾಡಬಹುದಿತ್ತು. ದೇವರು ಅವತಾರ ಎತ್ತುತ್ತಾನೆಂದು ನಂಬುವುದಿಲ್ಲ ಅನ್ನುವುದು ದೀಕ್ಷೆಯ ಹೊತ್ತಿಗೆ ಅವನು ತಗೊಂಡ 22 ಪ್ರತಿಜ್ಞೆಗಳಲ್ಲಿ ಒಂದು.

ನಾನು ಕೊಟ್ಟ ಸಲಹೆ ಇಷ್ಟು. ಊಟದ ಹೊತ್ತಿಗೆ ಧರ್ಮದ ವಾದ ಬೇಡ. ಪ್ರಾರ್ಥನೆಯಾಗಲಿ, ಬುದ್ಧ ವಂದನೆಯಾಗಲಿ, ಇನ್ನೊಬ್ಬರಿಗೆ ಕೇಳಿಸಲೆಂದು ಜೋರಾಗಿ ಬೇಡ. ಸ್ವರ್ಗ, ಆತ್ಮದ ಪ್ರಶ್ನೆಗೆ ಅವ್ವ ತಮ್ಮ ಪಾಸ್ಟರ್ ಹತ್ತಿರ ಕೂತು ಮಾತಾಡಲಿ. ಅದಕ್ಕೆ ಉತ್ತರ ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ವಾರಕ್ಕೊಮ್ಮೆ ಇಬ್ಬರೂ ಕೂತು ಅಪ್ಪನ ಬಗ್ಗೆ ಮಾತಾಡಬೇಕು. ಇದನ್ನು ಮಾತ್ರ ಒತ್ತಿ ಹೇಳಿದೆ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಯಾರೂ ಸರಿಯಾಗಿ ಅತ್ತಿರಲಿಲ್ಲ.

ಹಾಗೆ ಮಾತಾಡುವಾಗಲೇ ಅವ್ವನ ಇನ್ನೊಂದು ಪ್ರಶ್ನೆ ಹೊರಬಂತು. "ನಾ ಸತ್ರ ಮಣ್ಣಿಗೆ ಬರ್ತೀ ಇಲ್ಲೋ?" ಗಂಡನ ಸಮಾಧಿ ಪಕ್ಕ ಜಾಗ ಇದೆಯಂತೆ. ಮಗ ಅವರ ಕೈ ಹಿಡಿದುಕೊಂಡ. "ಬರ್ತೀನವ್ವಾ. ಅಪ್ಪನ ಮಗ್ಗಲಕ್ಕ ಇಡ್ತೀನಿ. ಪಾಸ್ಟರ್‌ನೂ ಕರೀತೀನಿ. ಪ್ರಾರ್ಥನಾ ಮಾತ್ರ ನಾ ಮಾಡಂಗಿಲ್ಲ, ನಿಂತಿರ್ತೀನಿ." ಅವ್ವ ಸ್ವಲ್ಪ ಹೊತ್ತು ಯೋಚಿಸಿ, ಆಗಲಿ ಅಂದರು.

ಐದು ಸಲ ಬಂದುಹೋದ ಮೇಲೆ ನಿದ್ದೆ ಬೆಳಗಿನ ಜಾವ ನಾಲ್ಕರವರೆಗೆ ಬರುತ್ತಿದೆ. ಮಗನಿಗಾಗಿ ಬೇಡಿಕೊಳ್ಳುವುದನ್ನು ಅವ್ವ ಬಿಟ್ಟಿಲ್ಲ. ಅದು ಮಗನಿಗೆ ಗೊತ್ತು. ಮದುವೆ ಎಲ್ಲಿ, ಯಾವ ಪದ್ಧತಿಯಲ್ಲಿ ಅನ್ನುವುದು ಇನ್ನೂ ಬಗೆಹರಿದಿಲ್ಲ. ಅದಕ್ಕೇ ಮುಂದಿನ ತಿಂಗಳು ಇಬ್ಬರೂ ಮತ್ತೆ ಬರುತ್ತಿದ್ದಾರೆ.