ಕೋಳಿ ಸೀನಿದ ತಕ್ಷಣ ಆ್ಯಂಟಿಬಯೋಟಿಕ್ ಪುಡಿ ನೀರಿಗೆ ಹಾಕಬೇಕಾ?

ಪ್ರಶ್ನೆ: ಸರ್, ನಮ್ಮದು ಶಿರಾ ಹತ್ತಿರದ ಹಳ್ಳಿ. ಸ್ವಂತ ಶೆಡ್‌ನಲ್ಲಿ 1,500 ಬ್ರಾಯ್ಲರ್ ಸಾಕುತ್ತೇವೆ. ಮರಿ ಬಂದ ಮೊದಲ ಮೂರು ದಿನ ಎನ್ರೋಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯೋಟಿಕ್ ಪುಡಿ ನೀರಿಗೆ ಹಾಕುತ್ತೇವೆ, 20ನೇ ದಿನದ ಹೊತ್ತಿಗೆ ಇನ್ನೊಮ್ಮೆ. ಔಷಧಿ ಅಂಗಡಿಯವರು ಹೇಳಿಕೊಟ್ಟದ್ದು. ಈ ಸಲ ಚಳಿಗೆ ಕೋಳಿಗಳು ಸೀನುತ್ತಿವೆ, ರಾತ್ರಿ ಗೊರಗೊರ ಸದ್ದು, ದಿನಾ ಎಂಟು ಹತ್ತು ಸಾಯುತ್ತಿವೆ. ಔಷಧಿ ಹಾಕಿದರೂ ಕಡಿಮೆ ಆಗುತ್ತಿಲ್ಲ. ಕೊಲಿಸ್ಟಿನ್ ಜಾಸ್ತಿ ಪವರ್ ಅಂತ ಒಬ್ಬರು ಹೇಳಿದರು. ಹಾಕಬಹುದಾ?

ಉತ್ತರ: ಕೊಲಿಸ್ಟಿನ್ ಬೇಡವೇ ಬೇಡ. ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿಗಳಿಗೆ ಅದನ್ನು ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಆಸ್ಪತ್ರೆಯ ಐಸಿಯುನಲ್ಲಿ ಬೇರೆ ಔಷಧಿಗಳೆಲ್ಲ ಸೋತ ಮೇಲೆ ರೋಗಿಗೆ ಕೊಡಲು ಉಳಿದಿರುವ ಕೆಲವೇ ಔಷಧಿಗಳಲ್ಲಿ ಅದೂ ಒಂದು. ಕೊಲಿಸ್ಟಿನ್‌ಗೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಸುವ ಜೀನ್ ಒಂದು ಚೀನಾದಲ್ಲಿ ಹಂದಿಗಳಲ್ಲೂ, ಅಂಗಡಿಯ ಮಾಂಸದಲ್ಲೂ, ರೋಗಿಗಳಲ್ಲೂ ಸಿಕ್ಕಿದ ಸುದ್ದಿ 2015ರಲ್ಲಿ ಹೊರಬಂತು. ಆಮೇಲೆಯೇ ಎಲ್ಲ ಕಡೆ ಗಾಬರಿ ಶುರುವಾಗಿದ್ದು. ನಿಮಗೆ ಯಾರಾದರೂ ಅದನ್ನು ಇನ್ನೂ ಮಾರಲು ಬಂದರೆ ತೆಗೆದುಕೊಳ್ಳಬೇಡಿ.

ಈಗ ನಿಮ್ಮ ಕೋಳಿಗಳ ವಿಷಯ. ಅವು ಯಾವ ರೋಗದಿಂದ ಸಾಯುತ್ತಿವೆ ಅನ್ನುವುದು ನಿಮಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ. ಅದು ಗೊತ್ತಾಗುವ ತನಕ ಇನ್ನೊಂದು ಪ್ಯಾಕೆಟ್ ಒಡೆಯಬೇಡಿ. ಸೀನು, ಗೊರಗೊರ ಸದ್ದು ಕೊಕ್ಕರೆ ರೋಗ ಅಂದರೆ ರಾಣಿಖೇತ್‌ನಲ್ಲೂ ಬರುತ್ತದೆ. ಅದು ವೈರಸ್, ಅದರ ಮೇಲೆ ಯಾವ ಆ್ಯಂಟಿಬಯೋಟಿಕ್ಕೂ ಕೆಲಸ ಮಾಡಲ್ಲ. ಗುಂಬೋರೋ ಕೂಡ ವೈರಸ್ಸೇ. ಅದು ಕೋಳಿಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವುದರಿಂದ ಅದರ ಹಿಂದೆ ಬೇರೆ ಕಾಯಿಲೆಗಳು ಸಾಲಾಗಿ ಬರುತ್ತವೆ. ಸಿಆರ್‌ಡಿ, ಅಂದರೆ ಬಹಳ ದಿನ ಕಾಡುವ ಉಸಿರಾಟದ ಕಾಯಿಲೆ ಆದರೆ, ಕಾರಣ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ, ಅದಕ್ಕೆ ಔಷಧಿ ಇದೆ. ಇವೆಲ್ಲವೂ ಹೊರಗಿನಿಂದ ನೋಡಿದರೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಹಾಗಾಗಿ ಇವತ್ತೇ ಸತ್ತ ಮೂರ್ನಾಲ್ಕು ಕೋಳಿಗಳನ್ನು, ಕೊಳೆಯುವ ಮುಂಚೆ, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಇಟ್ಟು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಕಾಯಿಲೆ ಹತ್ತಿ ಇನ್ನೂ ಜೀವ ಇರುವ ಒಂದೆರಡು ಸಿಕ್ಕರೆ ಇನ್ನೂ ಒಳ್ಳೆಯದು. ಹೊಟ್ಟೆ ಸೀಳಿ ನೋಡಿದರೆ ಬಹಳಷ್ಟು ತಿಳಿಯುತ್ತದೆ. ಹೃದಯ, ಲಿವರ್ ಮೇಲೆ ಬಿಳಿ ಹಳದಿ ಪೊರೆ ಕಟ್ಟಿದ್ದರೆ ಇ. ಕೋಲಿ ಬ್ಯಾಕ್ಟೀರಿಯಾ ಸೇರಿಕೊಂಡಿರುವ ಸಾಧ್ಯತೆ ಜಾಸ್ತಿ. ಕರುಳಿನ ಕೊನೆಯ ಚೀಲಗಳಲ್ಲಿ ರಕ್ತ ತುಂಬಿದ್ದರೆ ಕಾಕ್ಸಿಡಿಯಾ ಅನ್ನುವ ಪರಾವಲಂಬಿ ಜೀವಿ, ಅದರ ಔಷಧಿಯೇ ಬೇರೆ. ಬ್ಯಾಕ್ಟೀರಿಯಾ ಅಂತಾದರೆ ಯಾವ ಆ್ಯಂಟಿಬಯೋಟಿಕ್‌ಗೆ ಅದು ಸಾಯುತ್ತದೆ ಅಂತ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಅಲ್ಲಿಗೆ ಮಾದರಿ ಕಳಿಸುವ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಒಂದೇ ರಾತ್ರಿ ನೂರಾರು ಸತ್ತರೆ ಮಾತ್ರ ಕೋಳಿಗಳನ್ನು ಎಲ್ಲೂ ಸಾಗಿಸಬೇಡಿ, ಮುಟ್ಟಬೇಡಿ, ಪಶು ಆಸ್ಪತ್ರೆಗೆ ಫೋನ್ ಮಾಡಿ ಅವರನ್ನೇ ಕರೆಸಿ.

ಚಳಿ ಅಂತ ಹೇಳಿದಿರಲ್ಲ, ನನಗೆ ಮೊದಲು ಅನುಮಾನ ಬಂದಿದ್ದೇ ಅಲ್ಲಿ. ಚಳಿಗೆ ಶೆಡ್‌ನ ಸುತ್ತ ಗೋಣಿ, ಟಾರ್ಪಾಲು ಪೂರ್ತಿ ಇಳಿಬಿಡುತ್ತೇವೆ. ಒಳಗೆ ಹಿಕ್ಕೆ, ಚೆಲ್ಲಿದ ನೀರು ಸೇರಿ ಭತ್ತದ ಹೊಟ್ಟು ಒದ್ದೆಯಾಗುತ್ತದೆ, ಅಮೋನಿಯಾ ಏಳುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಆ ಗಾಳಿ ಕೋಳಿಯ ಉಸಿರಿನ ಕೊಳವೆಯ ಒಳಪದರವನ್ನು ಸುಡುತ್ತದೆ, ಆಮೇಲೆ ಇ. ಕೋಲಿಗೆ ಬಾಗಿಲು ತೆರೆದ ಹಾಗೆಯೇ. ಬೆಳಗಿನ ಜಾವ ಶೆಡ್ ಒಳಗೆ ಹೋಗಿ, ಕೋಳಿಯ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು ಒಂದು ನಿಮಿಷ ಉಸಿರಾಡಿ. ಕಣ್ಣು ಉರಿದರೆ ಕಾಯಿಲೆಯ ಅರ್ಧ ಮೂಲ ಸಿಕ್ಕಿತು ಅಂತಲೇ ಲೆಕ್ಕ. ಪರದೆಯ ಮೇಲ್ಭಾಗವನ್ನು ಒಂದು ಅಡಿಯಷ್ಟು ಬಿಡಿ, ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕಿ, ದಿನಾ ಕೆದಕಿ, ಕೋಳಿ ನೀರು ಕುಡಿಯುವ ನಿಪ್ಪಲ್ ಸೋರುತ್ತಿದ್ದರೆ ಸರಿಮಾಡಿ. ಒಂದು ಬ್ರಾಯ್ಲರ್‌ಗೆ ಒಂದು ಚದರ ಅಡಿ ಜಾಗ ಇದೆಯಾ ನೋಡಿ. ಎಳೆ ಮರಿಗಳಿಗೆ ಮೊದಲ ವಾರ ಬ್ರೂಡರ್ ಕೆಳಗೆ 95 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಶಾಖ ಬೇಕು, ಆಮೇಲೆ ವಾರಕ್ಕೆ ಐದರಂತೆ ಇಳಿಸಿ. ಬ್ರೂಡಿಂಗ್ ಸರಿ ಇದ್ದು ಮರಿ ಚುರುಕಾಗಿದ್ದರೆ ಮೊದಲ ಮೂರು ದಿನದ ಆ ಪುಡಿ ಬೇಕಾಗಲ್ಲ, ಆ ದುಡ್ಡು ಬ್ರೂಡರ್‌ಗೆ ಹಾಕಿ.

ಔಷಧಿ ಕೆಲಸ ಮಾಡದಿರುವುದಕ್ಕೂ ಆ ರೂಢಿಗೂ ನೇರ ಸಂಬಂಧ ಇದೆ. ಪ್ರತಿ ಬ್ಯಾಚ್‌ಗೂ ಒಂದೇ ಔಷಧಿ ಹಾಕಿದಾಗ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತದೆ, ಬಗ್ಗದ್ದು ಹೊಟ್ಟಿನಲ್ಲಿ, ಪೈಪ್ ಒಳಗಿನ ಲೋಳೆಯಲ್ಲಿ ಉಳಿದು ಮುಂದಿನ ಬ್ಯಾಚ್‌ಗೆ ಕಾಯುತ್ತದೆ. ಅದರ ಮೇಲೆ, ಸೀನು ಕಡಿಮೆಯಾಯಿತು ಅಂತ ಎರಡೇ ದಿನಕ್ಕೆ ನಿಲ್ಲಿಸುವುದು, ಕೋಳಿಯ ತೂಕ ಲೆಕ್ಕ ಹಾಕದೆ ಟ್ಯಾಂಕ್‌ಗೆ ಅಂದಾಜಿಗೆ ಸುರಿಯುವುದು. ಕಾಯಿಲೆ ಬಿದ್ದ ಕೋಳಿ ನೀರನ್ನೇ ಸರಿಯಾಗಿ ಕುಡಿಯಲ್ಲ, ಹಾಗಾಗಿ ಔಷಧಿ ಬೇಕಾದ್ದಕ್ಕೇ ಕಡಿಮೆ ಹೋಗುತ್ತದೆ. ಎನ್ರೋಫ್ಲಾಕ್ಸಸಿನ್ ಕೋಳಿಯ ದೇಹದಲ್ಲಿ ಸ್ವಲ್ಪ ಭಾಗ ಸಿಪ್ರೋಫ್ಲಾಕ್ಸಸಿನ್ ಆಗುತ್ತದೆ. ಸಿಪ್ರೋಫ್ಲಾಕ್ಸಸಿನ್ ಅಂದರೆ ನಮಗೂ ಮಕ್ಕಳಿಗೂ ಡಾಕ್ಟರು ಬರೆಯುವ ಮಾತ್ರೆಯೇ. ಅಮೆರಿಕದಲ್ಲಿ 2005ರಲ್ಲಿ ಕೋಳಿಗೆ ಎನ್ರೋಫ್ಲಾಕ್ಸಸಿನ್ ಕೊಡುವುದನ್ನೇ ನಿಲ್ಲಿಸಿದರು.

ಇನ್ನೊಂದು ಲೆಕ್ಕ, ಇದನ್ನು ಬಹಳ ಜನ ಗಮನಿಸಲ್ಲ. ಔಷಧಿ ನಿಲ್ಲಿಸಿದ ಮೇಲೆ ಮಾರಲು ಎಷ್ಟು ದಿನ ಕಾಯಬೇಕು ಅಂತ ಲೇಬಲ್ ಮೇಲೆ ಇರಬೇಕು. ಇಲ್ಲದಿದ್ದರೆ ನಮ್ಮ ದೇಶದ ಔಷಧಿ ನಿಯಮದ ಪ್ರಕಾರ ಕೋಳಿ ಮಾಂಸಕ್ಕೆ ಕನಿಷ್ಠ 28 ದಿನ, ಮೊಟ್ಟೆಗೆ 7 ದಿನ. ನೀವು 40ನೇ ದಿನಕ್ಕೆ ಕೋಳಿ ಎತ್ತುವುದಾದರೆ, ಅಂಥ ಔಷಧಿಯನ್ನು 12ನೇ ದಿನ ಆದ ಮೇಲೆ ಕೊಡುವ ಹಾಗೇ ಇಲ್ಲ. 20ನೇ ದಿನದ ಆ ಡೋಸು ಯಾರದೋ ಮನೆಯ ಸಾರಿಗೆ ಹೋಗುತ್ತಿದೆ ಅಲ್ವಾ?

ಪ್ರಶ್ನೆ: ಮೇಡಂ ಅಥವಾ ಸರ್, ನಾನು ಹಾಸನ ಕಡೆಯವಳು. ಹಿತ್ತಲಲ್ಲಿ 40 ನಾಟಿ, ಗಿರಿರಾಜ ಕೋಳಿ ಇವೆ. ಮಂಕಾದರೆ ಮೆಡಿಕಲ್‌ನಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ಬಿಡಿಸಿ ನೀರಿಗೆ ಹಾಕುತ್ತೇನೆ. ಮೊಟ್ಟೆ ಮಾರಬಹುದಾ? ಬೇಯಿಸಿದರೆ ಔಷಧಿ ಹೋಗುತ್ತದೆ ಅಂತಾರೆ.

ಉತ್ತರ: ಬೇಯಿಸಿದರೆ ಪೂರ್ತಿ ಹೋಗುತ್ತದೆ ಅಂತ ನಂಬಬೇಡಿ ತಾಯಿ. ಒಂದು ಹಳದಿ ಲೋಳೆ ಬೆಳೆಯಲು ಸುಮಾರು ಹತ್ತು ದಿನ ಬೇಕು. ಇವತ್ತು ಕೊಟ್ಟ ಔಷಧಿ ಮುಂದಿನ ವಾರದ ಮೊಟ್ಟೆಯಲ್ಲೂ ಇರಬಹುದು. ಔಷಧಿ ಕೊಟ್ಟ ಕೋಳಿಗಳ ಮೊಟ್ಟೆಯನ್ನು, ಔಷಧಿ ನಿಲ್ಲಿಸಿದ ಮೇಲೂ ಆ ಹತ್ತು ದಿನ ಮಾರಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ.

ಹಿತ್ತಲ ಕೋಳಿಯನ್ನು ಒಂದೇ ಏಟಿಗೆ ಖಾಲಿ ಮಾಡುವುದು ಕೊಕ್ಕರೆ ರೋಗ. ಕತ್ತು ತಿರುಚುವುದು, ಹಸಿರು ಭೇದಿ ಕಂಡರೆ ಕ್ಯಾಪ್ಸೂಲ್ ಸುಮ್ನೆ ದಂಡ. ಅದಕ್ಕೆ ಲಸಿಕೆ ಇದೆ, ಮರಿಗೆ ಮೊದಲ ವಾರದಲ್ಲಿ ಲಾಸೋಟಾ ಲಸಿಕೆ, ಎಂಟನೇ ವಾರದ ಸುಮಾರಿಗೆ ಆರ್2ಬಿ ಲಸಿಕೆ ಹಾಕಿಸಿ. ಲಸಿಕೆಯ ಬಾಟಲಿಯಲ್ಲಿ ನೂರು ಅಥವಾ ಅದಕ್ಕಿಂತ ಜಾಸ್ತಿ ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲೇ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ಐದಾರು ಮನೆಯವರು ಒಂದೇ ದಿನ ಸೇರಿ ಹಾಕಿಸಿದರೆ ದುಡ್ಡೂ ಉಳಿಯುತ್ತದೆ, ಬೀದಿಗೇ ರಕ್ಷಣೆ. ಐಸ್ ಇಲ್ಲದೆ ತಂದ ಲಸಿಕೆ ಬೇಡ. ನೀರಿನಲ್ಲಿ ಕೊಡುವ ಲಸಿಕೆಯಾದರೆ ಆ ದಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ, ಲಸಿಕೆ ಸತ್ತುಹೋಗುತ್ತದೆ.

ಪ್ರಶ್ನೆ: ನಾವು ಕಂಪನಿಗೆ ಕಾಂಟ್ರ್ಯಾಕ್ಟ್ ಮೇಲೆ ಸಾಕುತ್ತೇವೆ. ಮರಿ, ಫೀಡ್, ಔಷಧಿ ಎಲ್ಲ ಅವರದೇ. ಸೂಪರ್‌ವೈಸರ್ ಲೇಬಲ್ ಇಲ್ಲದ ಪುಡಿ ಕೊಟ್ಟು ಹಾಕಿ ಅಂತಾರೆ. ಬೇಡ ಅಂದರೆ ಮುಂದಿನ ಬ್ಯಾಚ್ ಸಿಗಲ್ಲ ಅನ್ನೋ ಭಯ. ಆ ಗೊಬ್ಬರ ತೋಟಕ್ಕೆ ಹಾಕಬಹುದಾ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಜಗಳ ಮಾಡಿ ಅಂತ ಹೇಳಲ್ಲ. ಆದರೆ ಹೆಸರು ಕೇಳುವುದು ನಿಮ್ಮ ಹಕ್ಕು. ಏನು ಔಷಧಿ, ಯಾವ ಕಾಯಿಲೆಗೆ, ಎಷ್ಟು ದಿನ, ಕೊನೆಯ ಡೋಸ್ ಯಾವತ್ತು ಅಂತ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದು, ಸೂಪರ್‌ವೈಸರ್ ಹತ್ತಿರ ಸಹಿ ಹಾಕಿಸಿ. ನಾಳೆ ಮಾಂಸದಲ್ಲಿ ಔಷಧಿ ಸಿಕ್ಕಿತು ಅಂತ ಮಾತು ಬಂದರೆ ಹೊಣೆ ನಿಮ್ಮೊಬ್ಬರ ತಲೆ ಮೇಲೆ ಬರಬಾರದು. ಆ್ಯಂಟಿಬಯೋಟಿಕ್‌ಗೆ ಪಶುವೈದ್ಯರ ಚೀಟಿ ಬೇಕು, ಅದನ್ನೂ ಕೇಳಿ. ಸುತ್ತಲಿನ ಹತ್ತು ಶೆಡ್‌ನವರು ಒಟ್ಟಿಗೆ ಕೇಳಿದರೆ ಯಾರೊಬ್ಬರನ್ನೂ ಬೊಟ್ಟು ಮಾಡಿ ಬಿಡಲಾಗಲ್ಲ.

ಗೊಬ್ಬರವನ್ನು ಹಸಿಯಾಗಿ ಹಾಕಬೇಡಿ. ಅದರಲ್ಲಿ ಔಷಧಿಯ ಅಂಶವೂ ಇರುತ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೂ ಇರುತ್ತದೆ. ರಾಶಿ ಹಾಕಿ, ಸ್ವಲ್ಪ ತೇವ ಮಾಡಿ, ಮುಚ್ಚಿ, ನಡುವೆ ಒಂದೆರಡು ಸಲ ಮಗುಚಿ, ಒಳಗೆ ಕೈ ಇಡಲಾಗದಷ್ಟು ಬಿಸಿಯಾಗಿ ಆಮೇಲೆ ತಣ್ಣಗಾಗುವ ತನಕ ಬಿಡಿ. ಕಾಂಪೋಸ್ಟ್ ಆದ ಮೇಲೂ ತೆಂಗು, ಅಡಿಕೆ ಬುಡಕ್ಕೆ ಹಾಕಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆ, ಮೂಲಂಗಿ ಪಾತಿಗೆ ಬೇಡ.